ಗಂಧಕದ ಟ್ರಂಕ್ ಕಾಲ್

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಜೋರಾಪುರ ಪೇಟೆಯ ಮನೆಯಿಂದ ನಡೆದೇ ಹೋಗುತ್ತಿದ್ದೆ. ತಿಕೋಟಾ, ಬಬಲೇಶ್ವರದ ಕರೆಗಳೆಲ್ಲ ನನ್ನ ಬೋರ್ಡಿಗೇ ಬರುತ್ತಿದ್ದವು. ಎಷ್ಟೋ ಜನರ ಮುಖ ನೋಡಿರಲಿಲ್ಲ, ದನಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ಅಂಥವರಲ್ಲಿ ಒಬ್ಬರು ಬಬಲೇಶ್ವರದವರು. ತಿಕೋಟಾದ ಹತ್ತಿರ ದ್ರಾಕ್ಷಿ ಹಚ್ಚಿದ್ದರು. ವಾರಕ್ಕೊಮ್ಮೆ ತಿಕೋಟಾದ ಪೋಸ್ಟ್ ಆಫೀಸಿನಿಂದ ಸೊಲ್ಲಾಪುರದಲ್ಲಿ ಅಂಗಡಿ ಇಟ್ಟಿದ್ದ ಅಳಿಯನಿಗೆ ಟ್ರಂಕ್ ಕಾಲ್ ಮಾಡುತ್ತಿದ್ದರು. ಮಾತು ನೇರ. ಸರ್ಕಾರದ ವಿರುದ್ಧ ನಡೆದ ಸಭೆಯೊಂದರಲ್ಲಿ ಎದ್ದು ನಿಂತು ಮಾತಾಡಿದ್ದರಂತೆ.

ಊರಿನ ಗುಪ್ತ ಸುದ್ದಿ ಮೇಲಕ್ಕೆ ಮುಟ್ಟಿಸಲು ಮಫ್ತಿಯ ಪೊಲೀಸ್ ಜಮಾದಾರರೊಬ್ಬರಿದ್ದರು. ಅವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸೈಕಲ್ ತುಳಿದು ಹಳ್ಳಿಗೆ ಹೋಗಿ, ಮಂದಿಯ ಜೊತೆ ರೊಟ್ಟಿ ತಿಂದು, ಯಾರದು ಬರೀ ಬಾಯಿ, ಯಾರದು ಕೇಡು ಎಂದು ತೂಗಿ ಬರೆಯುತ್ತಿದ್ದರು.

ತುರ್ತು ಪರಿಸ್ಥಿತಿ ಬಂದಮೇಲೆ ಹೊರಗಿನ ಅಧಿಕಾರಿಯೊಬ್ಬರು ನಮ್ಮ ಹಿಂದಿನ ಕೋಣೆಯಲ್ಲಿ ದೊಡ್ಡ ಟೇಪ್ ರೆಕಾರ್ಡರ್ ಇಡಿಸಿದರು. ಬೋರ್ಡಿನಲ್ಲಿ ಒಂದು ತೂತಿಗೆ ಕೆಂಪು ಬಣ್ಣ ಬಳಿದರು. ತಿಕೋಟಾದಿಂದ ಆ ದ್ರಾಕ್ಷಿ ತೋಟದವರ ದನಿ ಬಂದರೆ ನಾನು ಇನ್ನೊಂದು ವೈರು ಅಲ್ಲಿ ಚುಚ್ಚಬೇಕು, ಮಾತು ಟೇಪಿಗೆ ಇಳಿಯುತ್ತದೆ. "ದೇಶದ ಭದ್ರತಾ ಕೆಲಸ ಅದ. ಮನ್ಯಾಗೂ ಹೇಳಬ್ಯಾಡ," ಎಂದು ಮೇಲ್ವಿಚಾರಕರು ಸಹಿ ಮಾಡಿಸಿಕೊಂಡರು. ಮನೆಯಲ್ಲಿ ನನ್ನ ಪಗಾರದ ಮೇಲೆ ಐದು ಮಂದಿ. ಮೂರು ವಾರ ಚುಚ್ಚಿದೆ.

ಮೂರನೆಯ ಕರೆ ಈಗಲೂ ಕಿವಿಯಲ್ಲಿದೆ. "ಗಂಧಕ ನಾಕು ಚೀಲ ಕಳಸು. ಲಗೂ ಹೊಡೀಬೇಕು. ತಡಾ ಆದ್ರ ಎಲ್ಲಾ ಬೂದಿ ಆಕ್ಕೈತಿ," ಅಂದರು. ಬಳ್ಳಿಗೆ ಬೂದಿ ರೋಗ ಬೀಳುತ್ತದೆ, ಅದಕ್ಕೆ ಗಂಧಕದ ಪುಡಿ ಹೊಡೆಯುತ್ತಾರೆ. ತಿಕೋಟಾದ ಕಡೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ಆ ಟೇಪು ದೂರದ ಊರಿಗೆ ಹೋಯಿತು. ಅಲ್ಲಿ ಯಾರೋ ಕಿವಿಗೊಟ್ಟು ಬರೆದುಕೊಂಡರು. ಗಂಧಕವೆಂದರೆ ಅವರಿಗೆ ಮದ್ದುಗುಂಡು.

ಮುಂದಿನ ವಾರ ಪೊಲೀಸರು ದ್ರಾಕ್ಷಿ ತೋಟದವರನ್ನು ಹಿಡಿದೊಯ್ದರು. ಅದರ ಮರುದಿನ ಜಮಾದಾರರು ಹಿಂದಿನ ಕೋಣೆಗೆ ಬಂದು ಅಧಿಕಾರಿಯ ಮುಂದೆ ನಿಂತದ್ದನ್ನು ನಾನು ಬೋರ್ಡಿನಿಂದಲೇ ಕೇಳಿದೆ.

"ಸಾಹೇಬ್ರ, ಅದು ದ್ರಾಕ್ಷಿಗೆ ಹೊಡಿಯೂ ಔಷಧರಿ. ನಾ ಆ ತ್ವಾಟ ನೋಡೇನ್ರಿ."

"ಟೇಪ್‌ನಲ್ಲಿ ಇರೋದು ಅವನು ಆಡಿದ ಮಾತೇ ತಾನೆ?"

"ಆಡ್ಯಾನ್ರಿ."

"ಮತ್ತೇನು?"

ಜಮಾದಾರರು ಹೊರಗೆ ಬಂದು ಸೈಕಲ್ ಹತ್ತಿದರು. ನಾನೂ ಎದ್ದು ಹೋಗಿ ಹೇಳಬಹುದಿತ್ತು. ಕಿವಿಯ ಮೇಲಿನ ಹೆಡ್‌ಫೋನ್ ಸರಿಮಾಡಿಕೊಂಡು ಕೂತೆ. ಕೆಲ ದಿನಗಳಲ್ಲಿ ಜಮಾದಾರರನ್ನು ದೂರದ ಠಾಣೆಯೊಂದಕ್ಕೆ ವರ್ಗ ಮಾಡಿದರು. ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ.

ಹದಿನಾಲ್ಕು ತಿಂಗಳಾದಮೇಲೆ ದ್ರಾಕ್ಷಿ ತೋಟದವರನ್ನು ಜೇಲಿನಿಂದ ಬಿಟ್ಟರು. ಸುದ್ದಿ ಕೇಳಿ ರವಿವಾರದ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಔಷಧ ಕಾಣದ ಬಳ್ಳಿಗಳು ಕಲ್ಲುಕಂಬಗಳ ಮೇಲೆ ಒಣಗಿ ಜೋತಿದ್ದವು. ಅವರು ಕುಡಗೋಲಿನಿಂದ ಅವನ್ನು ಕಡಿದು ಹಾಕುತ್ತಿದ್ದರು. ಜೇಲಿನಲ್ಲಿ ಏಟು ತಿಂದ ಎಡಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಅವರ ಮುಖ ನೋಡಿದ್ದು ಅದೇ ಮೊದಲು.

"ಯಾರು ಬೇಕಾಗಿತ್ರಿ?" ಎಂದರು.

"ನಾ ವಿಜಾಪುರದಾಕಿರಿ," ಎಂದದ್ದಷ್ಟೇ. ದನಿಗೇ ಗುರುತು ಹಿಡಿದರು. ನಾನು ಎಲ್ಲವನ್ನೂ ಹೇಳಿದೆ, ಕೆಂಪು ತೂತನ್ನೂ, ಸುಮ್ಮನೆ ಕೂತದ್ದನ್ನೂ.

ಅವರು ಇನ್ನೊಂದು ಬಳ್ಳಿ ಕಡಿದು ಹಾಕಿದರು. ಆಮೇಲೆ, "ಯಾರೋ ಕೇಳಾಕತ್ತಾರ ಅಂತ ಗೊತ್ತಿತ್ತು ತಂಗಿ. ಉಸರಾಡೂದು ಕೇಳತಿತ್ತು. ನೀನ ಇರಬೇಕು, ನಮ್ಮ ಸೀಮ್ಯಾಕಿ, ಗಂಧಕ ಯಾಕಂತ ತಿಳಿತದ ಅಂತ ಅಂಜಲಿಲ್ಲ," ಎಂದರು.

ಬಸ್ಸು ಬರುವವರೆಗೆ ಕಡಿದ ಬಳ್ಳಿಗಳನ್ನು ಅವರ ಜೊತೆ ಬದುವಿಗೆ ಹೊತ್ತು ಹಾಕಿದೆ. ಅವರು ಬೇಡ ಅನ್ನಲಿಲ್ಲ, ಹೋಗುವಾಗ ಮತ್ತೆ ಬಾ ಅಂತಲೂ ಅನ್ನಲಿಲ್ಲ.