ನಾನು ಹೊಡೆದುಹಾಕಿದ ಒಂದು ಸಾಲು

2023ರಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ಫಿಜಿಷಿಯನ್ ಆಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಎಷ್ಟೋ ಜನರನ್ನು ಉಳಿಸಿದ್ದೇನೆ ಎಂಬ ಜಂಬ ನನಗಿದೆ. ಈಗ ಬರೆಯುತ್ತಿರುವುದು ಆ ಜಂಬದ ಕೇಸಲ್ಲ.

ಆ ಜೂನ್‌ನಲ್ಲಿ ಡಾ. ಭವ್ಯ ಎಂಬ ಹುಡುಗಿ ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದಳು. ಕಿರ್ಗಿಸ್ತಾನದಲ್ಲಿ ಆರು ವರ್ಷ ಓದಿ ಬಂದವಳು. ಹೊರದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಮೊದಲು ಒಂದು ಸ್ಕ್ರೀನಿಂಗ್ ಪರೀಕ್ಷೆ ಪಾಸು ಮಾಡಬೇಕು, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಪ್ರತಿ ವಿಭಾಗದಲ್ಲೂ ಹಿರಿಯ ವೈದ್ಯರು ಅವರ ಲಾಗ್‌ಬುಕ್‌ಗೆ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ರಿಜಿಸ್ಟ್ರೇಷನ್ ಇಲ್ಲ, ಓದಿದ್ದೆಲ್ಲ ನೀರಿನಲ್ಲಿ ಹೋಮ. ನಮ್ಮ ವಿಭಾಗದಲ್ಲಿ ಆ ಸಹಿ ನನ್ನದು.

ಮೊದಲ ದಿನ ಅವಳ ಅಪ್ಪ ಬಂದಿದ್ದರು. ಟೇಕಲ್ ಕಡೆಯ ರೈತರು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಎರಡೆರಡು ಸಲ ಕೈ ಮುಗಿದು, ಮಗಳಿಗೆ ನಾಲ್ಕು ವಿದ್ಯೆ ಕಲಿಸಿಕೊಡಿ ಎಂದರು. ನಾನು ನಗುತ್ತಲೇ ತಲೆಯಾಡಿಸಿದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು.

ಕಾರಣ ನನ್ನ ಮಗಳು ಅನುಷಾ. ಏಳು ವರ್ಷದ ಹಿಂದೆ ಇಬ್ಬರೂ ಕೋಲಾರದ ಒಂದೇ ಕೋಚಿಂಗ್‌ನಲ್ಲಿ, ಒಂದೇ ಬೆಂಚಿನಲ್ಲಿ ಕೂತಿದ್ದವರು. ಪ್ರವೇಶ ಪರೀಕ್ಷೆಯಲ್ಲಿ ಅನುಷಾಗೆ ಭವ್ಯಳಿಗಿಂತ ನಲವತ್ತೊಂದು ಅಂಕ ಹೆಚ್ಚು. ಆದರೆ ಇಬ್ಬರಿಗೂ ಸರ್ಕಾರಿ ಸೀಟು ಸಿಗಲಿಲ್ಲ. ಭವ್ಯ ಕಿರ್ಗಿಸ್ತಾನಕ್ಕೆ ಹೊರಟಾಗ ಅನುಷಾ ತಾನೂ ಹೋಗುತ್ತೇನೆಂದು ವಾರವಿಡೀ ಅತ್ತಳು. ಫಾರಿನ್ ಡಿಗ್ರಿ ಎಂದರೆ ನಮ್ಮ ವೈದ್ಯ ವಲಯದಲ್ಲಿ ನಗುತ್ತಾರೆ. ಡಾಕ್ಟರನಾಗಿ ನಾನೇ ಮಗಳನ್ನು ಹಾಗೆ ಕಳಿಸುವುದೇ? ಬೇಡವೆಂದೆ. ಅವಳು ಬಿ.ಎಸ್‌ಸಿ. ಮಾಡಿ ವೇಮಗಲ್‌ನ ಒಂದು ಕಾರ್ಖಾನೆಯ ಲ್ಯಾಬ್‌ಗೆ ಸೇರಿದಳು. ಭವ್ಯ ಸ್ಟೆತಸ್ಕೋಪ್ ಹಾಕಿಕೊಂಡು ವಾರ್ಡಿಗೆ ಬಂದಾಗಲೆಲ್ಲ, ನನ್ನ ಮಗಳಿಗೆ ಸೇರಬೇಕಾದ್ದನ್ನು ಇವಳು ಎತ್ತಿಕೊಂಡಿದ್ದಾಳೆ ಎನ್ನಿಸುತ್ತಿತ್ತು. ಇದು ಅಪ್ಪಟ ಹೊಟ್ಟೆಕಿಚ್ಚು, ಬೇರೆ ಹೆಸರು ಬೇಡ.

ಹಾಗಾಗಿ ಅವಳ ತಪ್ಪು ಹುಡುಕುವುದೇ ನನ್ನ ಕೆಲಸವಾಯಿತು. 'ಫಾರಿನ್ ಡಾಕ್ಟರಮ್ಮ' ಎಂದು ಕರೆಯುತ್ತಿದ್ದೆ, ಸಿಸ್ಟರ್‌ಗಳು ನಗುತ್ತಿದ್ದರು. ಅವಳದೊಂದು ಅಭ್ಯಾಸವಿತ್ತು. ಯಾವ ರೋಗಿ ಬಂದರೂ ಏನು ಕೆಲಸ, ಎಷ್ಟು ವರ್ಷದಿಂದ, ಅಲ್ಲಿ ಹೊಗೆಯೋ ಧೂಳೋ ಎಂದು ಕೇಳಿ ಒಂದು ಪುಟ ತುಂಬ ಬರೆಯುತ್ತಿದ್ದಳು. ಅವಳು ಓದಿದ ಕಡೆ ಗಣಿ ಕೆಲಸಗಾರರು ಹೆಚ್ಚಂತೆ, ಕಸುಬಿನಿಂದ ಬರುವ ಕಾಯಿಲೆಗಳೇ ಒಂದು ಪ್ರತ್ಯೇಕ ವಿಷಯವಂತೆ. "ಏನಮ್ಮ, ಚಿಕಿತ್ಸೆ ಕೊಡ್ತೀಯೋ, ಗಂಡು ನೋಡೋಕೆ ಬಂದಿದ್ದೀಯೋ?" ಎಂದು ಎಲ್ಲರೆದುರು ಹಾಸ್ಯ ಮಾಡಿದ್ದೆ. ನಮ್ಮ ಚೀಟಿಯಲ್ಲೂ ಉದ್ಯೋಗಕ್ಕೊಂದು ಸಣ್ಣ ಜಾಗವಿದೆ. ರೈತನಲ್ಲದ, ನೌಕರನಲ್ಲದ ಎಲ್ಲರಿಗೂ ಕೌಂಟರಿನವರು ಅಲ್ಲಿ 'ಕೂಲಿ' ಎಂದು ಬರೆದುಬಿಡುತ್ತಾರೆ. ಅದನ್ನು ನಾನು ಎಂದೂ ಓದಿದವನಲ್ಲ.

ನಾಗಾಚಾರ್ ಅವರ ಚೀಟಿಯಲ್ಲೂ 'ಕೂಲಿ' ಎಂದೇ ಇತ್ತು. ವಯಸ್ಸು ನಲವತ್ತಾರು. ಕೆಮ್ಮು, ಏದುಸಿರು, ಏಳು ಕಿಲೋ ತೂಕ ಇಳಿದಿತ್ತು. ಎರಡು ವರ್ಷದ ಹಿಂದೆ ಬೇರೆಲ್ಲೋ ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದರು, ಗುಣ ಕಂಡಿರಲಿಲ್ಲ. ಕಫದ ಪರೀಕ್ಷೆಯಲ್ಲಿ ಆಗಲೂ ಈಗಲೂ ಟಿಬಿ ಕ್ರಿಮಿ ಸಿಕ್ಕಿರಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಕಲೆಗಳಿದ್ದವು, ತಲೆಗೆಲ್ಲ ಒಂದೇ ಮಂತ್ರ ಎನ್ನುವಂತೆ ಮೇ ಕೊನೆಯಲ್ಲಿ ನಾನು ಮತ್ತೆ ಟಿಬಿ ಮಾತ್ರೆ ಶುರು ಮಾಡಿದ್ದೆ.

ಜೂನ್ ಮಧ್ಯದಲ್ಲಿ ಅವರು ಮರುತಪಾಸಣೆಗೆ ಬಂದಾಗ ಭವ್ಯ ಕೂರಿಸಿಕೊಂಡು ಮಾತಾಡಿಸಿದಳು. ಅವರು ಶಿವಾರಪಟ್ಟಣದ ಶಿಲ್ಪಿ, ಹದಿನಾರನೇ ವಯಸ್ಸಿನಿಂದ ವಿಗ್ರಹ ಕೆತ್ತುವವರು. ಮೊದಲು ಉಳಿ ಸುತ್ತಿಗೆ, ಈಗ ಹನ್ನೆರಡು ವರ್ಷದಿಂದ ಶೆಡ್ಡಿನೊಳಗೆ ಕರೆಂಟಿನ ಕಟರ್. ಮುಖಕ್ಕೆ ಒಂದು ಟವೆಲ್, ಅಷ್ಟೇ ರಕ್ಷಣೆ. ಭವ್ಯ ಎಕ್ಸ್‌ರೇ ಹಿಡಿದು ನನ್ನ ಬಳಿ ಬಂದಳು.

"ಸಾರ್, ಇದು ಸಿಲಿಕೋಸಿಸ್ ಇರ್ಬಹುದು. ಮಾತ್ರೆ ಮುಂದುವರಿಸೋ ಮುಂಚೆ ಒಂದ್ಸಲ ಎದೆರೋಗ ತಜ್ಞರಿಗೆ ತೋರಿಸೋಣ್ವಾ?"

ಸಿಲಿಕೋಸಿಸ್ ಎಂದರೆ ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುವ ರೋಗ. ಎಕ್ಸ್‌ರೇಯಲ್ಲಿ ಟಿಬಿಯಂತೆಯೇ ಕಾಣುವುದುಂಟು. ಅವಳು ಹೇಳಿದ್ದು ಸರಿಯಿರಬಹುದೆಂದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದದ್ದಕ್ಕೇ ಸಿಟ್ಟು ಬಂತು. ಕೇಸ್ ಶೀಟಿನಲ್ಲಿ ಸಿಲಿಕೋಸಿಸ್ ಅನುಮಾನವೆಂದು ಅವಳು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಮಾತ್ರೆ ಮುಂದುವರಿಸಿ ಎಂದು ಬರೆದೆ. ಅವಳು ಎಕ್ಸ್‌ರೇಯನ್ನು ಕವರಿಗೆ ಹಾಕಿಕೊಂಡು ವಾರ್ಡಿಗೆ ಹೋದಳು.

ಅದಾದ ಹದಿನೆಂಟನೇ ದಿನ ನಾಗಾಚಾರ್ ಅವರನ್ನು ಆಟೋದಲ್ಲಿ ಕರೆತಂದರು. ಕಣ್ಣು ಅರಿಶಿನದಂತೆ ಹಳದಿ, ನಿಲ್ಲದ ವಾಂತಿ, ಮಾತು ತೊದಲುತ್ತಿತ್ತು. ಟಿಬಿ ಮಾತ್ರೆಗಳು ಕೆಲವರ ಲಿವರ್ ಕೆಡಿಸುತ್ತವೆ. ಕಾಯಿಲೆ ನಿಜವಾಗಿ ಇದ್ದರೆ ಆ ಅಪಾಯಕ್ಕೊಂದು ಅರ್ಥವಿದೆ. ಇಲ್ಲದ ಕಾಯಿಲೆಗೆ ನಾನು ಆ ಮನುಷ್ಯನನ್ನು ಸಾವಿನ ಬಾಗಿಲಿಗೆ ಒಯ್ದಿದ್ದೆನೇ? ಮಾತ್ರೆ ನಿಲ್ಲಿಸಿ, ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದೆ. ಜೊತೆಗೆ ಭವ್ಯಳೇ ಹೋದಳು. ಐದನೇ ದಿನ ಅಲ್ಲಿಂದ ವರದಿ ಬಂತು. ಟಿಬಿ ಇಲ್ಲ, ಸಿಲಿಕೋಸಿಸ್.

ಅವಳನ್ನು ಕರೆದು, ನಿನಗೆ ಅಷ್ಟು ಅನುಮಾನವಿದ್ದರೆ ನನ್ನ ಮೇಲಿನವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗಲೂ ತಪ್ಪಿನಲ್ಲಿ ಅವಳಿಗೊಂದು ಪಾಲು ಸಿಕ್ಕರೆ ಸಾಕೆಂಬ ಆಸೆ.

"ಲಾಗ್‌ಬುಕ್‌ಗೆ ನಿಮ್ಮ ಸಹಿ ಬೇಕಿತ್ತು ಸಾರ್," ಎಂದಳು. "ಹೆದರ್ಕೊಂಡೆ."

ಮನೆಗೆ ಹೋಗಿ ಅನುಷಾಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಏನೇ ಆಗಲಿ ಅವಳಿಗೆ ನಿನಗಿಂತ ಅಂಕ ಕಡಿಮೆಯೇ ಎಂದುಬಿಟ್ಟೆ. ನಾಲಿಗೆಗೆ ಅಂಟಿಕೊಂಡ ಚಟ. ಅನುಷಾ ತಟ್ಟೆಯಿಂದ ತಲೆ ಎತ್ತಿದಳು.

"ಅವಳು ನನ್ನ ಸೀಟು ಕಿತ್ಕೊಳ್ಳಲಿಲ್ಲ ಅಪ್ಪ. ಅವರಪ್ಪ ಕಳಿಸಿದ್ರು, ನೀನು ಕಳಿಸ್ಲಿಲ್ಲ. ಅಷ್ಟೇ ಕಣಪ್ಪ."

ಆ ರೈತನ ಮೇಲೆ ನನಗೆ ಆಗಿನಷ್ಟು ಅಸೂಯೆ ಇನ್ಯಾವತ್ತೂ ಆಗಿಲ್ಲ. ಡಾಕ್ಟರನಾದ ನನಗಿಲ್ಲದ ಧೈರ್ಯ ಅವರಿಗಿತ್ತು.

ನಾಗಾಚಾರ್ ಉಳಿದರು. ಲಿವರ್ ಏಳು ವಾರದಲ್ಲಿ ಸರಿಹೋಯಿತು. ಧೂಳು ತಿಂದ ಶ್ವಾಸಕೋಶ ಸರಿಹೋಗುವಂಥದ್ದಲ್ಲ. ಮರುತಪಾಸಣೆಗೆ ಬಂದಾಗ ಕಟರ್ ಮುಟ್ಟಬಾರದೆಂದು ಹೇಳಬೇಕಿತ್ತು, ಹೇಳಿದೆ. ಇನ್ನೊಂದನ್ನೂ ಹೇಳಬೇಕಿತ್ತು. ಬೆಂಚಿನ ಮೇಲೆ ಅವರ ಪಕ್ಕ ಕೂತು, ಆ ಹುಡುಗಿ ಮೊದಲೇ ಎಚ್ಚರಿಸಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೆ.

"ಯಾಕ್ ಸಾರ್?"

ಸುಳ್ಳು ಹೇಳಬಹುದಿತ್ತು. ಕೆಲಸದ ಒತ್ತಡ ಎಂದರೆ ಯಾರಾದರೂ ನಂಬುತ್ತಿದ್ದರು. "ಹೊಟ್ಟೆಕಿಚ್ಚು ಆಚಾರ್ರೇ. ನನ್ನ ಮಗಳಿಗೆ ಸಿಗದೇ ಇದ್ದಿದ್ದು ಅವಳಿಗೆ ಸಿಕ್ಕಿತ್ತು," ಎಂದೆ.

ಅವರು ಬೈಯುತ್ತಾರೆ, ದೂರು ಕೊಡುತ್ತಾರೆ ಎಂದುಕೊಂಡೆ. ಎರಡಕ್ಕೂ ನಾನು ಸಿದ್ಧನಿದ್ದೆ.

"ನಮ್ ಕಸುಬಲ್ಲೂ ಐತೆ ಸಾರ್," ಎಂದರು. "ಪಕ್ಕದೋನ ಕೆಲಸ ನೋಡಿ ಉರ್ಕೊಂಡು ಉಳಿ ಹೊಡೆದ್ರೆ, ವಿಗ್ರಹದ ಮೂಗು ಹಾರೋಗ್ತದೆ. ಇನ್ನೊಂದು ಕಲ್ಲು ತರ್ತೀವಿ."

ಹಾಗೆಂದು ಎದ್ದು ಹೋದರು. ನನಗೆ ಇನ್ನೊಬ್ಬ ನಾಗಾಚಾರ್ ಸಿಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ ನನಗೆ ಕಲಿಸಿದ್ದು ಇದೊಂದೇ, ಅದೂ ಕೊನೆಯ ವರ್ಷದಲ್ಲಿ.