ಇನ್ನೊಂಚೂರಮ್ಮನೂ ಉಣ್ಣದ ಪತಂಗವೂ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಇನ್ನೊಂಚೂರಮ್ಮ ಎಂದೇ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸಿ, "ಇನ್ನೊಂಚೂರು ತಿಂದ್ರೆ ಏನೂ ಆಗಲ್ಲ" ಎನ್ನುವ ಹೆಂಗಸು. ಉಪವಾಸ ಮುಷ್ಕರಕ್ಕೆ ಕೂತ ಸಂಘದ ಮುಖಂಡನಿಗೂ ಸಂಜೆಯೊಳಗೆ ಉಣಿಸಿ ಮುಷ್ಕರ ಮುರಿದಿದ್ದಳು. ಹೊಗಳಲು ಬಂದ ಮಾಲೀಕರಿಗೂ ತಟ್ಟೆ ಹಾಕಿದ್ದಳು. ಹಿತ್ತಲ ಸೀಬೆಗಿಡಕ್ಕೆ ಹೆಬ್ಬೆರಳು ಗಾತ್ರದ, ಮೈಗೆ ಹಿಟ್ಟು ಮೆತ್ತಿಕೊಂಡಂಥ ಹಸಿರು ಹುಳುಗಳು ಬಿದ್ದಾಗ, ಔಷಧಿ ಹೊಡೆಯಲು ಬಂದ ಮಾಲಿಯ ಕೈಯಿಂದ ಡಬ್ಬ ಕಿತ್ತುಕೊಂಡು, "ಊಟಕ್ಕೆ ಕೂತವರನ್ನ ಎಬ್ಬಿಸ್ತಾರೇನೋ?" ಎಂದು ಉಗಿದಿದ್ದಳು. ಗಿಡ ಬೋಳಾಯಿತು.

ತನ್ನ ಅಡುಗೆಮನೆಯಿಂದ ಹಸಿದು ಹೋದ ಜೀವ ಒಂದೂ ಇಲ್ಲ ಎಂಬುದೇ ಆಕೆಯ ಆಸ್ತಿ. ಶನಿವಾರ ನಿವೃತ್ತಿ. ಆ ಹೆಮ್ಮೆಗೆ ಒಂದು ಗೀರೂ ಬೀಳದಂತೆ ಮನೆಗೆ ಒಯ್ಯಬೇಕೆಂದಿದ್ದಳು.

ಆ ವಾರವೇ ವಕ್ಕರಿಸಿತು ಪತಂಗ. ಊಟದ ತಟ್ಟೆಯಷ್ಟಗಲ, ತಾಮ್ರದ ಬಣ್ಣ, ರೆಕ್ಕೆಯ ತುದಿಯಲ್ಲಿ ಥೇಟ್ ಹಾವಿನ ಮುಖ. ಕೈ ತೊಳೆಯುವ ನಲ್ಲಿಯ ಮೇಲಿನ ಗೋಡೆಗೆ ಅಂಟಿ ಕೂತಿತು. ಮೊದಲು ಕಂಡ ಫಿಟ್ಟರ್ ಸೋಪು ಎಸೆದು ಓಡಿದ. ಆಕೆ ಸ್ಟೂಲು ತಂದಿಟ್ಟು ಜೇನುತುಪ್ಪ ಬಡಿಸಿದಳು. ಮುಟ್ಟಲಿಲ್ಲ. ಬಾಳೆಹಣ್ಣು, ಸಕ್ಕರೆ ನೀರು, ಹಾಲು. ಊಹೂಂ, ಮೂಸಿಯೂ ನೋಡಲಿಲ್ಲ.

"ಅಮ್ಮಾ, ಉಪ್ಪು ಕಮ್ಮಿ ಆಗಿರ್ಬೇಕು," ಎಂದ ಫಿಟ್ಟರ್.

ಆಕೆಗೆ ಮೈಯೆಲ್ಲ ಉರಿದುಹೋಯಿತು. ಶುಕ್ರವಾರದ ಹೊತ್ತಿಗೆ ಆಕೆಗೇ ತುತ್ತು ಇಳಿಯದಾಯಿತು. ಇಷ್ಟು ವರ್ಷ ಬೇಯಿಸಿದ್ದೆಲ್ಲ ಒಂದು ಹುಳದಿಂದ ಮಣ್ಣುಪಾಲಾಯಿತಲ್ಲ ಎಂದು ಒಳಗೊಳಗೇ ಅತ್ತಳು.

ಶನಿವಾರ ಅತ್ತೆಯ ಕೈಯ ಕೊನೆಯ ಕ್ಯಾಂಟೀನ್ ಊಟಕ್ಕೆಂದು ಸೊಸೆ ಬಂದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಅತ್ತೆ ಮತ್ತೆ ಮತ್ತೆ ಬಡಿಸಿದ್ದ ತಟ್ಟೆ ಹಿಡಿದೇ ಗೋಡೆಯ ಹತ್ತಿರ ಹೋಗಿ ಪತಂಗವನ್ನು ದಿಟ್ಟಿಸಿದಳು.

"ಅತ್ತೆ, ಇದಕ್ಕೆ ತಿನ್ನೋ ಬಾಯೇ ಇಲ್ಲ. ಹುಳ ಆಗಿದ್ದಾಗ ತಿಂದಿದ್ರಲ್ಲೇ ಸಾಯೋವರೆಗೂ ಬದುಕುತ್ತೆ."

"ಅಯ್ಯೋ ಪಾಪ! ಎಲ್ಲಿ ತಿಂದಿತ್ತಂತೆ?"

ಸೊಸೆ ಕಿಟಕಿಯಾಚೆ ಕೈ ತೋರಿಸಿದಳು. ಬೋಳು ಸೀಬೆಗಿಡದ ಕೊಂಬೆಯಲ್ಲಿ ಹುಳದ ಒಡೆದ ಗೂಡೊಂದು ತೂಗಾಡುತ್ತಿತ್ತು.

ಆಕೆಯ ಮುಖ ಊರಗಲವಾಯಿತು. ಕಣ್ಣಲ್ಲಿ ನೀರೂ ಬಂತು. ಜೇನಿನ ಬಟ್ಟಲು ಎತ್ತಿಕೊಂಡಳು. "ನಮ್ಮಲ್ಲೇ ಉಂಡಿದೆ! ಹಾಗಾದ್ರೆ ಬಿಡು. ಹೊಟ್ಟೆ ತುಂಬಿದವರಿಗೆ ಬಲವಂತ ಮಾಡಬಾರದು."

ಕ್ಯಾಂಟೀನಿಗೆ ಕ್ಯಾಂಟೀನೇ ಬೆಪ್ಪಾಗಿ ಕೂತಿತು. ಇದೇ ಸಮಯವೆಂದು ಸೊಸೆ ಮೆಲ್ಲಗೆ ತಟ್ಟೆ ಕೆಳಗಿಟ್ಟಳು. "ಹಾಗಾದ್ರೆ ಅತ್ತೆ, ನಂಗೂ ಸಾಕು."

"ನಿಂಗೆ ಬಾಯಿದೆಯಲ್ಲ, ಕೂತ್ಕೋ," ಎಂದು ಆಕೆ ಸೌಟು ಎತ್ತಿದಳು.