ಬೀರುವಿಗೆ ಸುತ್ತಿದ ಕಂಬಳಿ

ಮಳೆಗೆ ನೆನೆದ ಕುರಿಮಂದೆ ಪಕ್ಕದಲ್ಲಿ ಹಾದುಹೋದರೆ ಸಾಕು, ಮಧುಗಿರಿ ಬೆಟ್ಟದ ಆಚೆಗಿದ್ದ ನಮ್ಮ ಹಳೆಯ ಮನೆ ಮೂಗಿಗೆ ಬಂದುಬಿಡುತ್ತದೆ. ಅಂಗಳದ ಉದ್ದಕ್ಕೂ ಕಟ್ಟಿದ ನೂಲಿಗೆ ಅಪ್ಪ ಹುಣಸೆಬೀಜದ ಗಂಜಿ ಬಳಿಯುತ್ತಿದ್ದ. ಉಣ್ಣೆ, ಗಂಜಿ, ಬಿಸಿಲು ಬೆರೆತ ಆ ವಾಸನೆ ಅಂಥ ಅಂಗಳದಲ್ಲಿ ಬೆಳೆದವರಿಗೆ ಗೊತ್ತು. ಅಪ್ಪ ನೇಯ್ದ ಕೊನೆಯ ಕಂಬಳಿ ಅಕ್ಕನದು. ಅದರ ಉಣ್ಣೆಯನ್ನೆಲ್ಲ ಅವಳೇ ನೂತಿದ್ದಳು. ಬಾಣಂತನಕ್ಕೆ ಬಂದಾಗ ಮಗುವನ್ನು ಅದರ ಮೇಲೇ ಮಲಗಿಸಬೇಕೆಂದು ಅವ್ವನ ಕೈಗೆ ಕೊಟ್ಟು ಗಂಡನ ಮನೆಗೆ ಹೋದಳು. ಅವ್ವ ಕಂಬಳಿಯ ಮಡಿಕೆಗಳ ನಡುವೆ ಬೇವಿನ ಸೊಪ್ಪು ಹಾಕಿ ಅಟ್ಟದಲ್ಲಿಟ್ಟಳು.

ನನ್ನ ಮದುವೆಗೆ ಮಧುಗಿರಿಯಿಂದ ಕನ್ನಡಿಯ ಬೀರು ತರುವಾಗ, ಗೀರು ಬೀಳಬಾರದೆಂದು ಆ ಕಂಬಳಿಯನ್ನು ಯಾರಿಗೂ ಹೇಳದೆ ಒಯ್ದು ಸುತ್ತಿದೆ. ಟ್ರ್ಯಾಕ್ಟರಿನ ಕುಲುಕಾಟಕ್ಕೆ ಹಗ್ಗ ಅದನ್ನು ಮೂರು ಕಡೆ ಕೊಯ್ದಿತ್ತು. ಬೀರುವಿಗೆ ಒಂದು ಗೀರಿಲ್ಲ. ಹರಿದದ್ದನ್ನು ಹಾಗೇ ಮಡಿಸಿ ಅಟ್ಟಕ್ಕೆ ಹಾಕಿದೆ. ಬಸುರಿ ಅಕ್ಕ ಬಂದು ಬಿಚ್ಚಿ ನೋಡಿದಾಗ, "ಇಲಿ ಕಡ್ದವೆ ಕಣಕ್ಕ" ಅಂದೆ. "ಒಂದು ಕಂಬ್ಳಿ ಕಾಯಾಕಾಗ್ಲಿಲ್ವೇನವ್ವ ನಿಂಗೆ?" ಎಂದು ಅವಳು ಅವ್ವನನ್ನು ಕೇಳಿದಳು. ಬಾಣಂತನ ಮುಗಿಯುವವರೆಗೂ ಅವ್ವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವ್ವ ಇಲಿಗಳನ್ನು ಬೈದುಕೊಳ್ಳುತ್ತ ಮಗುವಿಗೆ ತನ್ನ ಸೀರೆ ಹಾಸಿದಳು. ನಾನು ಬಾಯಿ ಬಿಡಲಿಲ್ಲ.

ಆ ಮಗು ರೂಪ ಈಗ ತುಮಕೂರಿನಲ್ಲಿ ಫ್ರೆಂಚ್ ಕಲಿಯುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೋದ ವಾರ ಕೊರಟಗೆರೆಯ ಅಕ್ಕನ ಮನೆಯಲ್ಲಿ, "ಮಾವ, ನಮ್ಮ ಬೀರು ಮೊದ್ಲು ಕಂಬ್ಳಿಯಾಗಿತ್ತು, ಗೊತ್ತಾ?" ಅಂದಳು. ಲ್ಯಾಟಿನ್‌ನಲ್ಲಿ ಬುರ್ರಾ ಅಂದರೆ ಒರಟು ಉಣ್ಣೆಯಂತೆ. ಫ್ರೆಂಚರು ಅಂಥ ಬಟ್ಟೆಯನ್ನು ಬ್ಯೂರೋ ಎಂದು ಕರೆದು ಬರೆಯುವ ಮೇಜಿಗೆ ಹಾಸಿದರಂತೆ. ಹೆಸರು ಬಟ್ಟೆಯಿಂದ ಮೇಜಿಗೆ, ಮೇಜಿನಿಂದ ಕಚೇರಿಗೆ ಹತ್ತಿ, ನಮ್ಮಲ್ಲಿಗೆ ಬರುವಷ್ಟರಲ್ಲಿ ಕಬ್ಬಿಣದ ಬೀರುವಾಯಿತು. ಇಟಲಿಯಲ್ಲಿ ಬೊರ್ರಾ ಅಂದರೆ ದಿಂಬಿನೊಳಗೆ ತುಂಬುವ ಉಣ್ಣೆ. ಸ್ಪೇನಿನವರು ಅದೇ ಉಣ್ಣೆಯಿಂದ ಬರಹ ಒರೆಸುತ್ತಿದ್ದರಂತೆ; ಅಳಿಸುವುದಕ್ಕೆ ಅವರ ಮಾತು ಬೊರ್ರಾರ್. "ಯಾಕ್ಲಾ ಅಂಗೆ ಬೆವೆತ್ಬುಟ್ಟೆ? ಪರೀಕ್ಷೆ ಏನು ನಿಂಗೆ?" ಎಂದು ಅಕ್ಕ ನಕ್ಕಳು.

"ಇಲಿ ಅಲ್ಲ ಕಣಕ್ಕ, ನಾನು" ಅಂದೆ. ಬೀರು, ಟ್ರ್ಯಾಕ್ಟರು, ಹಗ್ಗ, ಎಲ್ಲ ಹೇಳಿದೆ. ಅಕ್ಕ ಕೇಳಿದಳು, "ಅವ್ವಂಗೆ ಹೇಳಿದ್ದೇನ್ಲಾ?"

ಅವ್ವ ಹೋಗಿ ಆರು ವರ್ಷವಾಯಿತು. "ಇಲ್ಲ ಕಣಕ್ಕ" ಅಂದೆ.

"ಪಿತೃಪಕ್ಷಕ್ಕೆ ಅವ್ವಂಗೆ ಎಡೆ ಇಡ್ತೀಯಲ್ಲ, ನಾನೂ ಬತ್ತೀನಿ" ಅಂದಳು. "ನೀನು ನಿನ್ ತಪ್ಪು ಹೇಳ್ಕೊ. ನಾನು ನಂದು ಹೇಳ್ಕಂತೀನಿ."